ಮಸ್ಟರ್ ಬುಕ್ಕಿನ ಹತ್ತನೇ ಗೆರೆ

ಕೌಲ್ ಬಜಾರಿನ ಎರಡನೇ ಗೇಟು ದಾಟಿ ಎಡಕ್ಕೆ,
ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ
ನನ್ನ ಕಾರ್ಖಾನೆ. ಕಾರ್ಖಾನೆ ಅಂದೆನೆಂದು ನಗಬೇಡಿ.
ಹನ್ನೊಂದು ಮಷೀನು, ಒಂದು ಕೆಟ್ಟು ಕೂತಿದೆ,
ಒಂದರ ಮೇಲೆ ನಾನೇ ಕೂರುತ್ತೇನೆ.
ಮಿಕ್ಕವಕ್ಕೆ ಒಂಬತ್ತು ಜನ, ಒಂಬತ್ತು ಹೆಸರು
ಮಸ್ಟರ್ ಬುಕ್ಕಿನಲ್ಲಿ.

ಹತ್ತನೇ ಗೆರೆ ಖಾಲಿ.
ಖಾಲಿ ಅಂದರೆ ಖಾಜಾಬನ್ನಿ.
ಕಿಟಕಿಯ ಕೆಳಗೆ ಕೂತು ದಾರ ಕತ್ತರಿಸುತ್ತಾಳೆ,
ಜೀನ್ಸಿನ ಹೊಟ್ಟೆಗೆ ಹಿತ್ತಾಳೆ ಗುಂಡಿ ಒತ್ತುತ್ತಾಳೆ,
ಶನಿವಾರ ಎಣಿಸಿಕೊಂಡು ಹೋಗುತ್ತಾಳೆ.
ಏಳು ವರ್ಷದಿಂದ ದಿನಾ ಬರುವವಳು
ಒಂದು ದಿನವೂ ಹಾಜರಿಲ್ಲ.

ಲೆಕ್ಕ ಬರೆಯುವ ಎರಿಸ್ವಾಮಿ ಹೇಳಿದ:
"ಹತ್ತು ಆತಂದ್ರೆ ಇಎಸ್‌ಐ ಬರ್ತೈತೆ ಮಾಳೋದೆ ಅಣ್ಣ.
ನೂರಕ್ಕೆ ಮೂರೂಕಾಲು ನಿಂದು, ಮುಕ್ಕಾಲು ಅವರ್ದು.
ಒಂದ್ಸಲ ಒಳಗ ಹೋದ್ರೆ
ಮತ್ತೆ ಒಂಬತ್ತಕ್ಕೆ ಇಳಿದ್ರೂ ಬಿಡಂಗಿಲ್ಲ.
ಸುಮ್ನೆ ನಡುವೆ ಒಂದು ಪ್ಲೈವುಡ್ ಹೊಡ್ಸು,
ಆ ಕಡೀದು ಅಕ್ಕನ ಹೆಸರಿಗೆ. ಐದು, ಐದು.
ಎಲ್ಲರೂ ಮಾಡ್ಯಾರ."

ನಾನು ದರ್ಜಿಯ ಮಗ, ಕತ್ತರಿಸುವುದು ಗೊತ್ತು.
ಅಂಚು ಪೋಲಾಗದ ಹಾಗೆ ಒಂದು ಥಾನಿನಲ್ಲಿ
ಮೂವತ್ತೆರಡರ ನಡುವಿನ ಎಷ್ಟು ಕಾಲು ಎಳೆಯಬಹುದು,
ಸೀಮೆಸುಣ್ಣ ಮುಟ್ಟದೆ ಹೇಳಬಲ್ಲೆ.
ಪ್ಯಾಂಟಿಗೆ ಹನ್ನೊಂದು ರೂಪಾಯಿ ಉಳಿಯುತ್ತದೆ ನನಗೆ,
ಕರೆಂಟು ಹೋಗದಿದ್ದರೆ, ಇಂದೋರಿನ ಸೇಠು
ನಾಲ್ಕು ಡಜನ್ ವಾಪಸು ಕಳಿಸದಿದ್ದರೆ.
ಆ ಹನ್ನೊಂದರಲ್ಲಿ ಮೂರೂಕಾಲನ್ನು
ಎಲ್ಲಿಂದ ಬಿಚ್ಚಲಿ, ಯಾವ ಹೊಲಿಗೆಯಿಂದ?

ಅವಳನ್ನೇ ಕೇಳಿದೆ.
"ಬ್ಯಾಡಣ್ಣ. ಬುಕ್ಕಿಗೆ ಹೆಸರು ಹತ್ತಿದ್ರೆ
ಬಿಪಿಎಲ್ ಕಾರ್ಡು ಹೋಗ್ತೈತಂತೆ.
ಅಕ್ಕಿ ನೀವು ಕೊಡ್ತೀರಾ?"
ಹೋಗುತ್ತದೋ ಇಲ್ಲವೋ
ನನಗೆ ಗೊತ್ತಿರಲಿಲ್ಲ, ಎರಿಸ್ವಾಮಿಗೂ,
ಅವನು ಮೂರು ಸಲ ಫೋನು ಮಾಡಿದ ಆಫೀಸಿಗೂ.
ಸದ್ಯ, ಅಂತ ಒಳಗೊಳಗೇ ಅಂದುಕೊಂಡೆ.
ಅದನ್ನೂ ಬರೆಯಬೇಕಲ್ಲ ಇಲ್ಲಿ.

ಏಪ್ರಿಲ್. ಮೇಲೆ ತಗಡು, ಕೆಳಗೆ ಗಿರಣಿಯ ಬಿಸಿ.
ಹೀರುವ ಗಾಳಿಯೂ ನೀಲಿ, ಸೀನಿದರೆ ಕರವಸ್ತ್ರ ನೀಲಿ.
ಗುಂಡಿ ಒತ್ತುವ ಮಷೀನಿನ ಕೆಳಗೆ
ಪ್ಯಾಂಟಿನ ಜೊತೆ ಹೆಬ್ಬೆರಳೂ ಹೋಯಿತು.
ಅವಳು ಕೂಗಲಿಲ್ಲ. ಕೂಗಿದ್ದು ಗಾದಿಲಿಂಗಪ್ಪ.
ವಿಮ್ಸ್‌ನಲ್ಲಿ ಸಾಲು ಬಾಗಿಲಾಚೆ ಬೇವಿನ ಮರದ ತನಕ,
ಆಟೋ ತಿರುಗಿಸಿ ಖಾಸಗಿಗೆ ಹೋದೆವು.
ಬಿಲ್ಲು ಹದಿನಾಲ್ಕು ಸಾವಿರದ ಏಳುನೂರು.

ರಾತ್ರಿ ಅದೇ ಬಿಲ್ಲಿನ ಹಿಂಬದಿಗೆ ಲೆಕ್ಕ ಹಾಕಿದೆ:
ತಲೆಗೆ ಒಂಬತ್ತು ಸಾವಿರ, ಹತ್ತು ತಲೆ,
ತಿಂಗಳಿಗೆ ನನ್ನ ಪಾಲು ಎರಡು ಸಾವಿರದ ಒಂಬೈನೂರ ಚಿಲ್ಲರೆ.
ಒಂದು ಹೆಬ್ಬೆರಳು, ಹತ್ತು ಜನರ ಐದು ತಿಂಗಳು.
ಹೆಂಡತಿ ಬಂದು ಲೈಟು ಆರಿಸಿದಳು.
ಪ್ಲೈವುಡ್ಡಿಗೆ ಕೊಟ್ಟ ಅಡ್ವಾನ್ಸ್ ಬಡಗಿ ವಾಪಸು ಕೊಡಲಿಲ್ಲ.

ಮೊದಲ ಸಂಬಳಕ್ಕೇ ಗಾದಿಲಿಂಗಪ್ಪ ತಗಾದೆ ತೆಗೆದ:
"ಅರವತ್ತೆಂಟು ರೂಪಾಯಿ ಯಾಕ ಹಿಡದ್ರಿ?
ನಾ ಗಟ್ಟಿ ಅದೀನಿ."
ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ,
ಬೇರೆ ಯಾರಿಗೂ ಕೇಳಿಸದ ಹಾಗೆ,
"ಅವ್ವನ ಹೆಸರೂ ಬರ್ತೈತೇನು ಅದರಾಗ?"

ಖಾಜಾಬನ್ನಿಯ ಬಲಗೈ ಇನ್ನೂ ಬಟ್ಟೆಯಲ್ಲಿತ್ತು.
ಎಡಗೈ ಹೆಬ್ಬೆಟ್ಟು ಒತ್ತಿದಳು, ಗೆರೆ ಮೀರಿ
ಹನ್ನೊಂದರ ಮೇಲೂ ಸ್ವಲ್ಪ ಹತ್ತಿತು.
"ಅಕ್ಕಿ ನಿಂತ್ರೆ ನಿಮ್ಮ ಮನೀಗೇ ಬರ್ತೀನಿ," ಅಂದಳು.
ನಗುತ್ತಿದ್ದಳೋ, ಗೊತ್ತಾಗಲಿಲ್ಲ.

ಕಾರ್ಡುಗಳು ಬಂದವು. ಅವಳ ವಯಸ್ಸು ತಪ್ಪು.
ಹತ್ತು ಜನಕ್ಕೆ ಹತ್ತು ನಂಬರು.
ಮಾಲೀಕನಿಗೆ ಅದರಲ್ಲಿ ಜಾಗ ಇಲ್ಲವಂತೆ,
ಅವನ ಎದೆ ಅವನೇ ನೋಡಿಕೊಳ್ಳಬೇಕಂತೆ.
ಎಲ್ಲರೂ ಹೋದ ಮೇಲೆ, ಕೆಮ್ಮು ನಿಂತ ಮೇಲೆ,
ಅವಳ ಹೆಬ್ಬೆಟ್ಟು ತಾಗಿದ ಆ ಗೆರೆಯಲ್ಲಿ
ನನ್ನ ಹೆಸರು ಬರೆದು ನೋಡಿದೆ, ಪೆನ್ಸಿಲ್ಲಿನಲ್ಲಿ.
ಬೆಳಗ್ಗೆ ಎರಿಸ್ವಾಮಿ ಮೆಟ್ಟಿಲು ಹತ್ತುವ ಸದ್ದಿಗೆ
ಅಳಿಸಿದೆ.