ಬಟಾಣಿ ಬೀದಿಯ ಮನೆಗೆ ಬೆಲೆ

ತಾರ್ತು ಊರಿನ ಈ ಕೇರಿಯಲ್ಲಿ
ಬೀದಿಗಳಿಗೆಲ್ಲ ತರಕಾರಿಯ ಹೆಸರು.
ಆಲೂಗಡ್ಡೆ ದಾಟಿ, ಬಟಾಣಿಗೆ ತಿರುಗಿ
ಹಳದಿ ಹಲಗೆಯ ಮನೆಯೆದುರು ನಿಂತೆ.
ಬ್ಯಾಂಕಿನ ಕಾಗದ, ಅಳೆಯಲು ಲೇಸರು,
ಬೂಟಿಗೆ ತೊಡಿಸಲು ನೀಲಿ ಚೀಲ ಎರಡು.
ನನ್ನ ಕಸುಬು ಇಷ್ಟೇ:
ಇದ್ದದ್ದನ್ನು ಎಣಿಸು,
ಎಣಿಸಿದ್ದಕ್ಕೆ ಅಂಕಿ ಹಚ್ಚು.

ಬಾಗಿಲಲ್ಲೇ ಇಬ್ಬರು, ತಾರ್ಮೊ ಮತ್ತು ಪಿರೆಟ್.
ಬೇರೆಯಾಗುತ್ತಿದ್ದಾರೆ.
ಮನೆ ಅವಳಿಗಂತೆ, ಅರ್ಧ ದುಡ್ಡು ಅವನಿಗಂತೆ.
ಹಾಗಾಗಿ ಅವನ ಬಾಯಲ್ಲಿ ಅದು ಅರಮನೆ,
ಅವಳ ಬಾಯಲ್ಲಿ ಕೋಳಿಗೂಡು.

"ಸೌನಾ ನೋಡಿ, ನನ್ನ ಕೈಯಾರೆ ಕಟ್ಟಿದ್ದು."
"ಮಾಡು ಸೋರುತ್ತೆ. ಅದೂ ಕೈಯಾರೆ ಕಟ್ಟಿದ್ದೇ."
"ನದಿ ಇಲ್ಲಿಂದ ಇನ್ನೂರೇ ಹೆಜ್ಜೆ."
"ಏಪ್ರಿಲ್ ಬಂದರೆ ನದಿಯೇ
ಇನ್ನೂರು ಹೆಜ್ಜೆ ನಡೆದು ನೆಲಮಾಳಿಗೆಗೆ ಬರುತ್ತೆ."

ಇಬ್ಬರದನ್ನೂ ಬರೆದುಕೊಂಡೆ.
ನನ್ನ ಪಟ್ಟಿಯಲ್ಲಿ ಮಾರಾಟವಾದ
ನೂರಾ ಹನ್ನೆರಡು ಮನೆಗಳಿವೆ.
ಸಾಕ್ಷಿ ಹೇಳುವವು ಅವೇ:
ಸೌನಾಕ್ಕೆ ಕೂಡು ನಾಲ್ಕು ಸಾವಿರ.
ಕಟ್ಟಿಗೆ ಒಲೆಯೊಂದನ್ನೇ ನಂಬಿದ್ದರೆ ಕಳೆ ಏಳು.
ಕಿಟಕಿಗೆ ಮೂರು ಪದರದ ಗಾಜಿದ್ದರೆ ಕೂಡು.
ಬಚ್ಚಲು ಎರಡಾದರೆ ಕೂಡು,
ಮೂರಾದರೆ ಯಾರೂ ಮೂಸುವುದಿಲ್ಲ.
ಸೇಬಿನ ಮರಕ್ಕೆ?
ಪಟ್ಟಿ ಬಾಯಿಬಿಡುವುದಿಲ್ಲ.
ಮರವಿದ್ದದ್ದೂ ಹೋಗಿದೆ, ಇಲ್ಲದ್ದೂ ಹೋಗಿದೆ,
ಒಂದೇ ದರಕ್ಕೆ.

ಅಟ್ಟ ಅಳೆಯುತ್ತಿದ್ದೆ. ಕೆಳಗೆ ಮೊದಲು ಪಿಸುಮಾತು,
ಆಮೇಲೆ ಒಂದು ತಟ್ಟೆ ಸದ್ದು,
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಇಳಿದು ಬಂದಾಗ ಒಪ್ಪಂದವೇ ಮಗುಚಿತ್ತು:
ಅವಳಿಗೆ ಪ್ಯಾರ್ನುವಿನಲ್ಲಿ ಕೆಲಸ, ಸಾಲ ಹೊರುವ ತ್ರಾಣವಿಲ್ಲ.
ಮನೆ ಅವನೇ ಇಟ್ಟುಕೊಳ್ಳಲಿ,
ಅರ್ಧ ತನಗೆ ಕೊಡಲಿ.

ಚಹಾ ಆರುವಷ್ಟರಲ್ಲಿ ಮಾಡು ಸೋರುವುದು ನಿಂತಿತು.
ನದಿ ದಂಡೆಗೆ ಮರಳಿ ತೆಪ್ಪಗೆ ಮಲಗಿತು.
"ಒಲೆಯ ಬೆನ್ನಿಗೆ ಒರಗಿ ಕೂತವರಿಗೆ ಗೊತ್ತು ಅದರ ಬೆಲೆ,"
ಅಂದಳು ಅವಳು.
"ಕಿತ್ತು ಸಾಗಿಸೋಕೇ ಮೂರು ಸಾವಿರ ಬೇಕು," ಅಂದ ಅವನು.
ತನ್ನದೇ ಸೌನಾದ ಗೋಡೆಗೆ
ಬೆರಳ ಗೆಣ್ಣಿನಿಂದ ಕುಟ್ಟಿ,
ಟೊಳ್ಳು ಸದ್ದು ಕೇಳಿಸಿದ ನನಗೆ.

ಪೆನ್ನು ತೆಗೆಯುವ ಗೋಜಿಗೆ ಹೋಗಲಿಲ್ಲ.
ಎಲ್ಲ ಹಿಂದಿನ ಪುಟದಲ್ಲೇ ಇತ್ತು,
ಹೆಸರುಗಳನ್ನಷ್ಟೇ ಅದಲುಬದಲು ಮಾಡಿದೆ.

ಎರಡು ಲಕ್ಷ ಹದಿನಾಲ್ಕು ಸಾವಿರ ಯೂರೋ,
ಒಂಬತ್ತು ಸಾವಿರ ಹೆಚ್ಚು ಅಥವಾ ಕಡಿಮೆ.
ಇಬ್ಬರೂ ಒಟ್ಟಿಗೇ ಆ ಒಂಬತ್ತರ ಮೇಲೆ ಬಗ್ಗಿದರು.
"ಇದೇನಿದು?"
"ಅದು ನನಗೆ ಗೊತ್ತಾಗದ್ದು."
"ಅದರಲ್ಲಿ ಅರ್ಧ ಯಾರಿಗೆ?"
ಕೇಳಿದ್ದು ಪಿರೆಟ್. ನಗುತ್ತಿರಲಿಲ್ಲ.
ತಾರ್ಮೊ ಕಿಟಕಿಯಾಚೆ ನೋಡುತ್ತಿದ್ದ.

ಮೆಟ್ಟಿಲಲ್ಲಿ ಕೂತು ನೀಲಿ ಚೀಲ ಕಳಚುವಾಗ
ಕೋಟಿನ ಜೇಬಿಗೆ ಯಾರೋ ಎರಡು ಸೇಬು ತುರುಕಿದರು.
ಯಾರೆಂದು ತಿರುಗಿ ನೋಡಲಿಲ್ಲ.
ಉಡುಗೊರೆ ಮುಟ್ಟುವಂತಿಲ್ಲ, ನಮ್ಮ ನಿಯಮ ಹಾಗಿದೆ.

ಆಲೂಗಡ್ಡೆ ಬೀದಿಯ ಮೂಲೆಯಲ್ಲಿ ಒಂದನ್ನು ಕಚ್ಚಿದೆ.
ಹುಳಿ. ಹಲ್ಲು ಚಳಿತುಹೋಗುವ ಹುಳಿ.
ಇನ್ನೊಂದನ್ನೂ ತಿಂದೆ.