ಪ್ರಶ್ನೆ ಓದುವವನು

ರಾತ್ರಿ ಎರಡಕ್ಕೆ ನಾದಲು ಶುರು.
ಆಂತೊಫಗಾಸ್ತಾ ಮಲಗಿರುತ್ತದೆ, ಕಡಲೊಂದನ್ನು ಬಿಟ್ಟು,
ತಾಮ್ರದ ಲಾರಿಗಳನ್ನು ಬಿಟ್ಟು, ನಮ್ಮಿಬ್ಬರನ್ನು ಬಿಟ್ಟು.
ಯೊಲೈದಾಳ ಕೈ ಮೊಣಕೈವರೆಗೂ ಹಿಟ್ಟಿನಲ್ಲಿ,
ಪುಟ ತಿರುವಲು ಬಿಡುವಿಲ್ಲ.
ಹಾಗಾಗಿ ಓದುವವನು ನಾನು,
ಆರನೇ ತರಗತಿಗೆ ಶಾಲೆ ಬಿಟ್ಟ ಹೆರ್ವಾಸಿಯೊ.
ಒಂದು ಕಣ್ಣು ಒಲೆಯ ಮೇಲೆ, ಒಂದು ಅಕ್ಷರದ ಮೇಲೆ.

ಮೊದಮೊದಲು ನಾಲಿಗೆ ಹೊರಳುತ್ತಿರಲಿಲ್ಲ.
ಗ್ಲೊಮೆರುಲೊನೆಫ್ರೈಟಿಸ್ ಅನ್ನುವಷ್ಟರಲ್ಲಿ
ಒಂದು ತಟ್ಟೆ ಬ್ರೆಡ್ಡು ಸೀದುಹೋಗಿತ್ತು,
ಮಾಲೀಕ ಸಂಬಳದಲ್ಲಿ ಹಿಡಿದ.
ಈಗ ತಲೆಬುರುಡೆಯ ಹನ್ನೆರಡು ನರಗಳು ನನಗೂ ಬಾಯಿಪಾಠ.
ಹತ್ತನೆಯದಕ್ಕೆ ಅಲೆಮಾರಿ ಎಂದು ಹೆಸರಂತೆ,
ತಲೆಯಿಂದ ಹೊರಟು ಎದೆ ದಾಟಿ
ಹೊಟ್ಟೆಯವರೆಗೂ ಅಲೆಯುತ್ತದಂತೆ.
ನಾನು ಅವಳ ಮುಖ ನೋಡಿದೆ.
"ಉಪ್ಪು ಕೊಡಿ" ಅಂದಳು.

"ಸೋಡಿಯಂನಲ್ಲಿ ಕ್ಲೋರೈಡ್ ಕಳೆಯಿರಿ, ಬೈಕಾರ್ಬನೇಟ್ ಕಳೆಯಿರಿ.
ಹನ್ನೆರಡಕ್ಕಿಂತ ಜಾಸ್ತಿ ಉಳಿಯಿತೋ,
ಲೆಕ್ಕಕ್ಕೆ ಸಿಗದ ಆಮ್ಲ ಒಳಗೆಲ್ಲೋ ಅಡಗಿದೆ."
ನಮ್ಮ ಗಲ್ಲಾಪೆಟ್ಟಿಗೆಯೂ ಹಾಗೇ ಅಂದೆ,
ವ್ಯತ್ಯಾಸ ಯಾವಾಗಲೂ ಯಾರದೋ ಜೇಬಿನಲ್ಲಿರುತ್ತದೆ.
ನಕ್ಕಳು. ಸೀನಿದಂತೆ ನಗುತ್ತಾಳೆ, ಒಂದೇ ಸಲ.

ಮರಕೈಬೊದ ಹೆರಿಗೆ ಕೋಣೆಯಲ್ಲಿ ಹದಿನೆಂಟು ವರ್ಷ.
ಮೂರು ಸಾವಿರಕ್ಕೆ ಎಣಿಕೆ ಬಿಟ್ಟಳಂತೆ.
ಆ ಮೂರು ಸಾವಿರ ಇಲ್ಲಿ ಚಲಾವಣೆಯಿಲ್ಲ.
ಜುಲೈಗೆ ನೂರೆಂಬತ್ತು ಪ್ರಶ್ನೆ,
ಒಂದೊಂದಕ್ಕೂ ಐದೈದು ಉತ್ತರ.

ಮಗುವಿನ ತಲೆ ಬಂದಿದೆ, ಭುಜ ಸಿಕ್ಕಿಕೊಂಡಿದೆ,
ಮೊದಲು ಏನು ಮಾಡುವಿರಿ?
"ತಾಯಿಯ ತೊಡೆ ಮಡಚಿ ಹೊಟ್ಟೆಗೆ ಒತ್ತುವುದು"
ಅಂದಳು, ಯೋಚಿಸದೆ, ಕೈ ತಾನಾಗಿ ಮಡಚಿ.
ತಪ್ಪು, ಅಂತ ಪುಸ್ತಕ.
ಮೊದಲು ಸಹಾಯಕ್ಕೆ ಕೂಗಬೇಕು.
ಯೊಲೈದಾ ಹಿಟ್ಟನ್ನು ಎತ್ತಿ ಹಲಗೆಗೆ ಬಡಿದಳು.
"ಕರೆಂಟಿಲ್ಲ, ಬಾಯಲ್ಲಿ ಟಾರ್ಚು.
ಯಾರನ್ನು ಕೂಗುವುದು, ದೊನ್ ಹೆರ್ವಾಸಿಯೊ?
ಯಾವ ಬಾಯಲ್ಲಿ?"
ಆಮೇಲೆ ಸಣ್ಣಗೆ, "ಸರಿ, ಕೂಗಬೇಕು. ಬರೆದುಕೊಳ್ಳಿ."

ನಿನ್ನೆ ಒಂದು ಪುಟದ ಮೂಲೆ ಮಡಚಿತ್ತು.
ಐವತ್ತೆರಡರ ಗಂಡಸು, ಬೇಕರಿ ಕೆಲಸ, ಓದಿದೆ.
ಎರಡು ವರ್ಷದಿಂದ ಒಣಕೆಮ್ಮು, ಎದೆಯಲ್ಲಿ ಸಿಳ್ಳೆ.
ರಜೆಯ ದಿನ
ಇಲ್ಲಿ ನನಗೆ ಕೆಮ್ಮು ಬಂತು,
ಕಣ್ಣಲ್ಲಿ ನೀರು ಬರುವ ಕೆಮ್ಮು, ಬೆರಳು ಸಾಲಿನ ಮೇಲೇ ಇತ್ತು.
ರಜೆಯ ದಿನ ಕಡಿಮೆಯಾಗುತ್ತದೆ. ಮುಂದಿನ ಹೆಜ್ಜೆ?
"ಸಿ" ಅಂದಳು. ಆಯ್ಕೆಗಳನ್ನು ನಾನಿನ್ನೂ ಓದಿರಲಿಲ್ಲ.
"ಕೆಲಸದ ದಿನ, ರಜೆಯ ದಿನ, ಎರಡೂ ದಿನ ಉಸಿರು ಅಳೆಯಬೇಕು."
ಯಂತ್ರ ತನ್ನಷ್ಟಕ್ಕೆ ತಿರುಗುತ್ತಿತ್ತು.
"ಭಾನುವಾರ ಕೆಮ್ಮುತ್ತೀರಾ?"

ಮೂವತ್ತೊಂದು ವರ್ಷದ ಭಾನುವಾರಗಳನ್ನು ಎಣಿಸಿದೆ.
ಈಚಿನ ಎರಡು ವರ್ಷಕ್ಕೆ ಬಂದು ನಿಂತೆ.
ಮೊದಲೇ ಹೇಳಬಾರದಿತ್ತಾ ಅಂದೆ, ಸಿಟ್ಟಿನಲ್ಲೇ ಅಂದೆ.
"ಈ ದೇಶದಲ್ಲಿ ನಾನು ಡಾಕ್ಟರಲ್ಲ. ನಾನು ಹೇಳುವ ಹಾಗಿಲ್ಲ.
ಪುಸ್ತಕ ಹೇಳಬಹುದು."
ಹಾಗಂದವಳು ನನ್ನನ್ನು ತಿರುಗಿಸಿ ನಿಲ್ಲಿಸಿ
ಬೆನ್ನಿಗೆ ಕಿವಿಯಿಟ್ಟಳು.
"ಉಸಿರೆಳೆಯಿರಿ. ಬಿಡಿ. ಇನ್ನೊಮ್ಮೆ."
ಅಷ್ಟು ಹೊತ್ತು ಯಾರೂ ನನ್ನನ್ನು ಕೇಳಿರಲಿಲ್ಲ.

ಮನೆಗೆ ಬಂದು ಸ್ವೆಟರ್ ಬಿಚ್ಚಿದರೆ
ಬೆನ್ನ ಮೇಲೆ ಎರಡು ಅಂಗೈ, ಬೆಳ್ಳಗೆ.

ಈಗ ಕ್ಲಿನಿಕ್ಕಿನ ಸಾಲಿನಲ್ಲಿದ್ದೇನೆ,
ನನ್ನ ಮುಂದೆ ಹದಿನಾಲ್ಕು ಜನ.
ಒಳಗಿರುವ ಹುಡುಗನಿಗೆ ಮೀಸೆ ಸರಿಯಾಗಿ ಬಂದಿಲ್ಲ,
ಕಾಗದವಿದೆ, ಚೌಕಟ್ಟು ಹಾಕಿಸಿದ್ದಾನೆ.
ಏನಾಗಿದೆ ಅಂತ ಕೇಳುತ್ತಾನೆ.
ಬೇರೆ ಏನೂ ತಿಳಿಯದ ನಾನು
ಉತ್ತರ ಸಿ ಎಂದುಬಿಟ್ಟೇನೋ ಅಂತ
ತುಟಿ ಬಿಗಿದುಕೊಂಡು ನಿಂತಿದ್ದೇನೆ.