ಒಂದೇ ಅರ್ತು

ಕಲ್ಲೇಶಪ್ಪನ ಓಮ್ನಿ ಬಂದದ್ದೇ ಕೂಗುತ್ತ.
ಕಾಲು ಸಡಿಲಿಸಿದರೆ ಸಣ್ಣಗೆ, ಎಕ್ಸಲರೇಟರ್ ತುಳಿದರೆ
ಕುಂಯ್ಯ್ ಎಂದು ಮೇಲೇರುವ ದನಿ,
ತಲೆಯ ಮೇಲಿನ ಜೋಡಿ ಹಾರ್ನಿನಿಂದ ಹೊರಟು
ಅರಸೀಕೆರೆ ಸ್ಟೇಷನ್ನಿನ ಮೂರನೇ ಪ್ಲಾಟ್‌ಫಾರಮ್ಮಿನವರೆಗೂ.

"ಮೂರು ವರ್ಷದಿಂದ ಹಿಂಗೇ ಕಣಪ್ಪ ಫೈರೋಜು,
ಹುಡುಗ್ರು ನನ್ನ ಸೊಳ್ಳೆ ಗಾಡಿ ಅಂತಾರೆ."

ಮೊದಲು ಬಡಪಾಯಿಯನ್ನು ಅನುಮಾನಿಸಬೇಡ,
ಉಸ್ತಾದರು ಹೇಳುತ್ತಿದ್ದರು. ಹಾರ್ನು ಬಡಪಾಯಿ.
ಕೊಟ್ಟದ್ದನ್ನು ಕೂಗುತ್ತದೆ, ಅಷ್ಟೆ.

ಸೀಟು ಎತ್ತಿದೆ. ಇಂಜಿನ್ನಿನ ಬಿಸಿ ಮುಖಕ್ಕೆ ರಾಚಿತು.
ವೈರಿಗೆ ವೈರು ಗಂಟು, ಒಂದು ಗಂಟಿಗೆ
ಆಸ್ಪತ್ರೆಯ ಬಿಳಿ ಪ್ಲಾಸ್ಟರು.
ಟವೆಲ್ ಸುತ್ತಿ ಮಲಗಿಸಿದ್ದ ಲ್ಯಾಪ್‌ಟಾಪಿನ
ಚಾರ್ಜರ್ ಕಿತ್ತೆ: ಗಪ್‌ಚಿಪ್.
ಚುಚ್ಚಿದೆ: ಕುಂಯ್ಯ್.
ಕಿತ್ತೆ. ಚುಚ್ಚಿದೆ. ಕಲ್ಲೇಶಪ್ಪ ಮಗುವಿನ ಹಾಗೆ ನಕ್ಕ.

ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಗೆ,
ಕೆಂಪು ಕಡ್ಡಿ ಆಂಪ್ಲಿಫೈಯರಿನ ಬೋಲ್ಟಿಗೆ.
ಸೊನ್ನೆ ಇರಬೇಕಾದ ಕಡೆ
ಪಾಯಿಂಟ್ ನಾಲ್ಕು ಮೂರು.
ಅರ್ಧ ವೋಲ್ಟೂ ಇಲ್ಲ,
ಒಂದು ಸಂಸಾರ ಕೆಡಲು ಅಷ್ಟು ಸಾಕು.

"ಅರ್ತು ಸರಿಯಿಲ್ಲ ಕಣಣ್ಣ."
"ಹಂಗಂದ್ರೆ ಅರ್ಥ ಏನು?"
"ಅರ್ತೇ. ಇದು ಇಲ್ಲಿ ನಿಂತೈತೆ, ಅದು ಅಲ್ಲಿ.
ಇಬ್ರೂ ನಾನೇ ನೆಲ ಅಂತಾರೆ."

ಬೋಲ್ಟಿನ ಕೆಳಗೆ ಕಂಪನಿಯ ಬಿಳಿ,
ಅದರ ಮೇಲೆ ಅವನೇ ಬಳಿದ ನೀಲಿ.
ಉಪ್ಪುಕಾಗದ ಹಿಡಿದು ಉಜ್ಜಿದೆ,
ಬೆರಳ ತುದಿ ಉರಿದು
ತಗಡು ಹಲ್ಲು ಬಿಡುವವರೆಗೆ.
ಎರಡೂ ಕರಿ ವೈರು ತಂದು
ಒಂದೇ ನಟ್ಟಿನಡಿ ಕೂರಿಸಿ ಬಿಗಿದೆ.

"ಈಗ ಹಾಕು."

*ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ*
*ವಿದ್ಯುತ್ ಇರುವುದಿಲ್ಲ, ಸಾರ್ವಜನಿಕರು ಸಹಕರಿಸಬೇಕು.*
ಅವನ ಹೆಂಡತಿ ರುದ್ರಮ್ಮನ ದನಿ,
ತೊಳೆದ ಲೋಟದ ಹಾಗೆ.
ಇಂಜಿನ್ ರೇಸು ಮಾಡಿದೆ. ಕುಂಯ್ ಇಲ್ಲ, ಗುಂಯ್ ಇಲ್ಲ.

ಆದರೆ *ಸಾರ್ವಜನಿಕರು* ಆದಮೇಲೆ
ಹಿಂದೆಲ್ಲೋ ಕುಕ್ಕರ್ ಸೀಟಿ ಹೊಡೆಯಿತು.
*ಸಹಕರಿಸಬೇಕು* ಆದಮೇಲೆ
ಮೈಕು ಮರೆತ ರುದ್ರಮ್ಮ
ತನ್ನಷ್ಟಕ್ಕೆ ತಾನು ಅಂದಳು: *ಮೂರು.*

ನಾನು ಅವನ ಮುಖ ನೋಡಿದೆ,
ಅವನು ಹಾರ್ನಿನ ಮುಖ.
ಇಷ್ಟು ದಿನ ಸೊಳ್ಳೆ ಮುಚ್ಚಿಟ್ಟಿದ್ದ ಅಡುಗೆಮನೆ.

"ಅಷ್ಟು ಕತ್ತರಿಸಿ ಕೊಡ್ಲಾ ಅಣ್ಣ?"
"ಇರ್ಲಿ ಬಿಡೋ. ನಮ್ಮನೇಲೂ ಬೇಳೆ ಬೇಯುತ್ತೆ,
ಊರಿಗೆ ಗೊತ್ತಾಗ್ಲಿ."

ಮುನ್ನೂರಕ್ಕೆ ಇನ್ನೂರೈವತ್ತು ಕೊಟ್ಟು ಹೊರಟ.
ಗೇಟು ಬಿದ್ದಿತ್ತೇನೋ, ಅತ್ತ ಹೋದ ಗಾಡಿ
ಬಹಳ ಹೊತ್ತು ಒಂದೇ ಕಡೆ ನಿಂತು
ಕರೆಂಟು ಹೋಗುವ ಸುದ್ದಿ ಹೇಳುತ್ತಿತ್ತು.
ಕೈಗೆ ಸೀಮೆಎಣ್ಣೆ ಹಚ್ಚಿ ಉಜ್ಜುತ್ತ
ನಾನು ಕಾಯುತ್ತಿದ್ದೆ:

*ಮೂರು.*